ಬೆಕ್ಕು ಬಾರದ ಕೋಣೆ

"ಹಾಲ್‌ನಲ್ಲಿ ಎರಡು," ಎಂದು ಹುಡುಗಿ ತನ್ನ ಕಾಲನ್ನೇ ನೋಡುತ್ತ ಹೇಳಿಕೊಂಡಳು.

ಮೊಣಕಾಲವರೆಗೆ ಎಳೆದ ಬಿಳಿ ಸಾಕ್ಸ್ ಮೇಲೆ ಎರಡು ಕರಿ ಚುಕ್ಕಿಗಳು ಕೂತಿದ್ದವು. ಬೆರಳು ಹತ್ತಿರ ತಂದದ್ದೇ ತಡ, ಒಂದು ಚುಕ್ಕಿ ಚಂಗನೆ ನೆಗೆದು ಸೋಫಾದ ಕೆಳಗೆ ಮಾಯವಾಯಿತು. ಚುಕ್ಕಿಗಳು ನೆಗೆಯುವುದಿಲ್ಲ. ಚಿಗಟಗಳು ನೆಗೆಯುತ್ತವೆ.

ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಡುಗೆಮನೆ ಸೊನ್ನೆ. ಅಪ್ಪ ಅಮ್ಮನ ರೂಮು ಸೊನ್ನೆ. ಹಾಲ್ ಎರಡು.

ಈ ಸಾಕ್ಸ್ ಉಪಾಯ ಹೇಳಿಕೊಟ್ಟವರು ಪ್ರಾಣಿಗಳ ಡಾಕ್ಟರು. ಮೂರು ವಾರದ ಹಿಂದೆ ಬಾಸ್ ಎಂಬ ನಾಯಿಯನ್ನೂ ಮೀಸೆ ಎಂಬ ಬೆಕ್ಕನ್ನೂ ಅವರ ಹತ್ತಿರ ಕರೆದೊಯ್ದಿದ್ದರು. ಎರಡರ ಕತ್ತಿನ ಹಿಂದೆಯೂ ಔಷಧಿಯ ಹನಿ ಬಿಟ್ಟು ಡಾಕ್ಟರು ಹೇಳಿದ್ದರು: "ಮೈ ಮೇಲೆ ಐದು ಕಂಡ್ರೆ ಮನೇಲಿ ತೊಂಬತ್ತೈದು ಇರುತ್ತೆ ಅಂತ ತಿಳ್ಕೊಳ್ಳಿ. ಮೊಟ್ಟೆ ಉದುರೋದು ಇವು ಮಲಗೋ ಜಾಗದಲ್ಲಿ. ಆ ಜಾಗ ಒಂದು ಬಿಟ್ಟು ಊರೆಲ್ಲಾ ತೊಳೆದ್ರೂ ಪ್ರಯೋಜನ ಇಲ್ಲ."

ಊರೆಲ್ಲ ತೊಳೆದದ್ದೇ ಆಯಿತು. ಹಾಸಿಗೆ ಬಟ್ಟೆ, ಪರದೆ, ಬಾಸ್‌ನ ಗೋಣಿಚೀಲ, ಮೀಸೆಯ ಬುಟ್ಟಿಯ ಬಟ್ಟೆ, ಎಲ್ಲವೂ ಕುದಿಯುವ ನೀರು ಕಂಡವು. ಸಿಟಿ ಬಸ್ಸಿನ ಡ್ರೈವರ್ ಆದ ಅಪ್ಪ ಡ್ಯೂಟಿಗೆ ಹೋಗುವ ಮೊದಲು ದಿನಾ ವ್ಯಾಕ್ಯೂಮ್ ಕ್ಲೀನರ್ ಓಡಿಸಿದ. "ನನ್ನ ಬಸ್ಸಲ್ಲಿ ಕೂಡ ಇಷ್ಟು ಜನ ಟಿಕೆಟ್ ಇಲ್ದೆ ಹತ್ತಲ್ಲ," ಎಂದು ಗೊಣಗುತ್ತ ಧೂಳಿನ ಚೀಲವನ್ನು ಹೊರಗಿನ ಕಸದ ಡಬ್ಬಿಗೆ ಸುರಿದ.

ಚಿಗಟಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಕಳೆದ ವಾರ ವಿಷಯ ಕೈಮೀರಿತು. ಅಮ್ಮ ಟೈಲರ್. ಹಾಲೇ ಅವಳ ಅಂಗಡಿ. ಬ್ಯಾಂಕಿನ ಮ್ಯಾನೇಜರ್ ಒಬ್ಬರು ಕೋಟು ಹೊಲಿಸಲು ಬಂದಿದ್ದರು. ಅಮ್ಮ ಅವರ ಭುಜಕ್ಕೆ ಟೇಪು ಹಿಡಿದಳು, ಅವರು ಬಗ್ಗಿ ಎಡಗಾಲು ಕೆರೆದುಕೊಂಡರು. ಸೊಂಟಕ್ಕೆ ಹಿಡಿದಳು, ಬಲಗಾಲು ಕೆರೆದುಕೊಂಡರು. ಅಳತೆ ಮುಗಿಯುವಷ್ಟರಲ್ಲಿ ಅವರು ಒಂಟಿ ಕಾಲಲ್ಲಿ ನಿಂತಿದ್ದರು.

ಅವತ್ತು ಸಂಜೆ ಅಮ್ಮ ತೀರ್ಪು ಕೊಟ್ಟಳು: "ಭಾನುವಾರ ಅವರು ಟ್ರಯಲ್‌ಗೆ ಬರ್ತಾರೆ. ಅವತ್ತೂ ಕಾಲು ಕೆರ್ಕೊಂಡ್ರೆ ಮೀಸೆ ನನ್ನ ತಮ್ಮನ ಗೋಡೌನ್‌ಗೆ. ನನಗೂ ಬೇಜಾರೇ. ಆದ್ರೆ ಬಂದ ಗಿರಾಕಿ ಕುಣೀತಾ ಹೋದ್ರೆ ನಾನು ಯಾರಿಗೆ ಹೊಲೀಲಿ?"

ಬಾಸ್‌ಗೆ ಮಾಫಿ ಸಿಕ್ಕಿತು. ಅವನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೊಸ್ತಿಲು ದಾಟಿ ಒಳಗೆ ಬಂದವನಲ್ಲ. ಮೀಸೆ ಹಾಗಲ್ಲ. ಅವಳು ಮನೆಯೆಲ್ಲ ತನ್ನದೇ ಎಂದು ತಿರುಗುತ್ತಿದ್ದಳು. ಒಂದು ಕೋಣೆ ಬಿಟ್ಟು.

ಅದು ಅಜ್ಜಿಯ ಕೋಣೆ. ಅಜ್ಜಿ ಎಂದರೆ ಅಪ್ಪನ ಅಮ್ಮ. ಬೆಕ್ಕಿನ ಕೂದಲು ಕಂಡರೆ ತನಗೆ ಸೀನು ಬರುತ್ತದೆ ಎಂದು ನಾಲ್ಕು ವರ್ಷದ ಹಿಂದೆಯೇ ಸಾರಿ, ಬಾಗಿಲು ಮುಚ್ಚಿದ್ದಳು. ತೊಳೆಯುವ ಕೆಲಸ ಶುರುವಾದಾಗಲೂ ತನ್ನ ಹೊದಿಕೆ ಕೊಡಲಿಲ್ಲ. ಬೆಕ್ಕೇ ಬಾರದ ರೂಮಿಗೆ ಬಿಸಿನೀರು ಯಾಕೆ ಎಂದು ಕೇಳಿದಳು. ಕೇಳಿದ್ದು ಸರಿಯಾಗಿಯೇ ಇತ್ತು.

ಇವತ್ತು ಅಜ್ಜಿ ಅಪ್ಪನ ಜೊತೆ ಕಣ್ಣು ತೋರಿಸಲು ಹೋಗಿದ್ದಳು. ಹುಡುಗಿ ಮುಚ್ಚಿದ ಬಾಗಿಲನ್ನು ನೋಡಿದಳು. ಲೆಕ್ಕ ಎಂದ ಮೇಲೆ ಪೂರ್ತಿ ಇರಬೇಕಲ್ಲ. ಬಾಗಿಲು ತಳ್ಳಿ, ಮಂಚದ ಸುತ್ತ ಒಂದು ಸುತ್ತು ನಡೆದು, ಕಾಲು ನೋಡಿಕೊಂಡಳು.

ಹನ್ನೊಂದು.

ನಂಬದೆ ಮತ್ತೆ ಎಣಿಸಿದಳು. ಹನ್ನೆರಡು.

ಇನ್‌ಸ್ಪೆಕ್ಟರ್ ಎಂದು ಅಪ್ಪ ಅವಳನ್ನು ಸುಮ್ಮನೆ ಕರೆಯುತ್ತಿರಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅನುಮಾನದ ಪಟ್ಟಿಯೇ ಇತ್ತು. ಪೇಪರ್ ಹಾಕುವವನು, ಏಕೆಂದರೆ ಅವನ ಚೀಲ ಕೊಳಕು. ಪಕ್ಕದ ಮನೆಯ ನಾಯಿ, ಏಕೆಂದರೆ ಅದರ ನೋಟ ಸರಿಯಿಲ್ಲ. ಬೆಂಚಿನ ಗೆಳತಿ, ಏಕೆಂದರೆ ಮ್ಯಾತ್ಸ್ ಪೀರಿಯಡ್‌ನಲ್ಲಿ ಪೂರ್ತಿ ಹೊತ್ತು ತಲೆ ಕೆರೆಯುತ್ತಾಳೆ. ಅದು ಲೆಕ್ಕ ಬಾರದ್ದಕ್ಕೆ ಎಂದು ಆಮೇಲೆ ತಿಳಿದು ಆ ಹೆಸರು ಹೊಡೆದುಹಾಕಿದ್ದಳು. ಈಗ ಎಲ್ಲ ಹೆಸರನ್ನೂ ಹೊಡೆದು, ಕೆಳಗೆ ಒಂದೇ ಪದ ಬರೆದಳು. ಅಜ್ಜಿ.

ಬೆಕ್ಕು ಹೋಗದ ಕೋಣೆಯಲ್ಲಿ ಹನ್ನೆರಡು ಚಿಗಟ. ಅಂದರೆ ಯಾರೋ ತಂದಿಟ್ಟಿರಬೇಕು. ಮೀಸೆಯನ್ನು ಓಡಿಸಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವರು ಯಾರು?

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಮತ್ತೆ ಅದೇ ರಾಗ ತೆಗೆದಳು. ಬೆಕ್ಕನ್ನು ಕಳಿಸಿದರೆ ಚಿಗಟ ತಾನೇ ಹೋಗುತ್ತದೆ, ತನ್ನ ಮಾತು ಈ ಮನೆಯಲ್ಲಿ ಯಾರು ಕೇಳುತ್ತಾರೆ ಎಂದಳು. ಹುಡುಗಿ ತಟ್ಟೆಯ ಮೇಲಿಂದ ಅವಳನ್ನೇ ನೋಡುತ್ತಿದ್ದಳು. ಅಜ್ಜಿಯ ಮಡಿಲಲ್ಲಿ ಯಾವಾಗಲೂ ಇರುವ ತಗಡಿನ ಡಬ್ಬಿ ಇತ್ತು. ಅದನ್ನು ಅವಳು ಯಾರ ಮುಂದೆಯೂ ತೆರೆಯುತ್ತಿರಲಿಲ್ಲ. ಎದ್ದಾಗ ಒಳಗಿಂದ ಸಣ್ಣಗೆ ಚರಚರ ಸದ್ದು ಬಂತು.

"ಅಜ್ಜಿ, ಆ ಡಬ್ಬೀಲಿ ಏನಿದೆ?"

"ಮಾತ್ರೆ."

"ಯಾವುದಕ್ಕೆ?"

"ಜಾಸ್ತಿ ಪ್ರಶ್ನೆ ಕೇಳೋ ಮಕ್ಕಳಿಂದ ಬರೋ ತಲೆನೋವಿಗೆ."

ಅಪ್ಪ ನಕ್ಕ. ಹುಡುಗಿ ನಗಲಿಲ್ಲ. ಡಬ್ಬಿಯೊಳಗೆ ಸಾಲುಸಾಲಾಗಿ ಚಿಗಟಗಳು ಕೂತಿರುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು.

ಮರುದಿನ ಗುರುವಾರ. ಶಾಲೆ ಬಿಟ್ಟು ಬಂದಾಗ ನಾಲ್ಕು ಗಂಟೆ. ಅಜ್ಜಿ ದಿನಾ ನಾಲ್ಕರಿಂದ ಐದರವರೆಗೆ ಚಿಲಕ ಹಾಕಿಕೊಂಡು ಮಲಗುತ್ತಾಳೆ. ಹುಡುಗಿ ಹಿತ್ತಲಿಗೆ ಹೋಗಿ, ಅಜ್ಜಿಯ ಕಿಟಕಿಯ ಕೆಳಗೆ ಬಕೆಟ್ ಬೋರಲು ಹಾಕಿ ಹತ್ತಿದಳು. ಕಿಟಕಿ ಅರ್ಧ ತೆರೆದಿತ್ತು.

ಅಜ್ಜಿ ಮಲಗಿರಲಿಲ್ಲ. ಮಂಚದ ಮೇಲೆ ಕೂತಿದ್ದಳು. ಡಬ್ಬಿಯ ಮುಚ್ಚಳ ತೆರೆದಿತ್ತು. ಅದರಿಂದ ಅವಳು ತೆಗೆದದ್ದು ಬೆಕ್ಕಿನ ಬಿಸ್ಕತ್ತು. ಮಡಚಿದ ಹೊದಿಕೆಯ ನಟ್ಟನಡುವೆ, ತಾನೇ ಅದನ್ನು ಹೊಲಿಸಿಕೊಂಡವಳಂತೆ, ಮೀಸೆ ಮಲಗಿದ್ದಳು.

"ತಗೋ, ಮಹಾರಾಣಿ," ಎನ್ನುತ್ತಿದ್ದಳು ಅಜ್ಜಿ. ಊಟದ ಹೊತ್ತಿನ ದನಿ ಅದಾಗಿರಲಿಲ್ಲ. "ನಾಲ್ಕು ವರ್ಷ ಬೈದು ಬೈದು ನಿನ್ನ ಹೆಸರು ನಾನೇ ಕೆಡಿಸಿಟ್ಟೆ. ಈಗ ಕಳಿಸಬೇಡಿ ಅನ್ನೋಕೆ ನಾಲಿಗೆ ಏಳಲ್ಲ. ಭಾನುವಾರ ಆದ್ಮೇಲೆ ಈ ಹೊತ್ತಲ್ಲಿ ನಾನು ಯಾರ ಹತ್ರ ಮಾತಾಡ್ಲಿ?"

ಮೀಸೆ ಬಿಸ್ಕತ್ತು ಕಟುಂ ಎಂದು ಕಡಿದಳು. ಅಜ್ಜಿಗೆ ಒಂದು ಸೀನೂ ಬರಲಿಲ್ಲ.

ಹುಡುಗಿ ಸದ್ದಾಗದಂತೆ ಬಕೆಟ್‌ನಿಂದ ಇಳಿದಳು.

ಕೇಸು ಮುಗಿಯಿತು. ಆ ಹೊದಿಕೆಯೇ ಡಾಕ್ಟರು ಹೇಳಿದ ಜಾಗ. ಅಜ್ಜಿ ಅದನ್ನು ತೊಳೆಯಲು ಕೊಡದ್ದು ಯಾಕೆಂದೂ ತಿಳಿಯಿತು. ಅದರ ತುಂಬ ಮೀಸೆಯ ಬಿಳಿ ಕೂದಲು. ಅಮ್ಮನ ಕೈಗೆ ಹೋದರೆ ನಾಲ್ಕು ವರ್ಷದ ಗುಟ್ಟು ಬಯಲಾಗುತ್ತಿತ್ತು.

ಓಡಿಹೋಗಿ ಅಮ್ಮನಿಗೆ ಹೇಳಿದರೆ ಮೀಸೆ ಉಳಿಯುತ್ತಾಳೆ. ಹಾಲ್‌ವರೆಗೆ ಓಡಿಯೂ ಓಡಿದಳು. ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೋಟಿನ ತೋಳು ಜೋಡಿಸುತ್ತಿದ್ದಳು. ಏನು ಎಂಬಂತೆ ಹುಬ್ಬು ಏರಿಸಿದಳು.

ಹುಡುಗಿಗೆ ಅಪ್ಪನ ನೆನಪಾಯಿತು. ಅಜ್ಜಿ ಒಮ್ಮೆ ಟೀಗೆ ಸಕ್ಕರೆ ಬದಲು ಉಪ್ಪು ಹಾಕಿದ್ದಳು. ಅದಾಗಿ ಆರು ವರ್ಷ. ಅಪ್ಪ ಈಗಲೂ ಬಂದ ನೆಂಟರಿಗೆಲ್ಲ ಆ ಕತೆ ಹೇಳುತ್ತಾನೆ. ಎಲ್ಲರೂ ನಗುತ್ತಾರೆ. ಅಜ್ಜಿಯೂ ನಗುತ್ತಾಳೆ, ಆಮೇಲೆ ಬೇಗ ಎದ್ದು ಕೋಣೆಗೆ ಹೋಗುತ್ತಾಳೆ.

"ಏನಿಲ್ಲ," ಎಂದಳು ಹುಡುಗಿ. "ಸುಮ್ನೆ."

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಅಜ್ಜಿಗೆ ಟೀ ಒಯ್ಯುವ ಕೆಲಸ ಅವಳದೇ. ಟೀ ಆರುವವರೆಗೆ ಅಡುಗೆಮನೆಯಲ್ಲೇ ನಿಂತಳು. ಆಮೇಲೆ ಹೋಗಿ, ಎಡವಲು ಏನೂ ಇಲ್ಲದ ಕಡೆ ಎಡವಿದಳು. ಲೋಟದ ಟೀ ಪೂರ್ತಿ ಹೊದಿಕೆಯ ಮೇಲೆ.

"ಕಣ್ಣು ನೆತ್ತಿ ಮೇಲಿದ್ಯಾ ನಿಂಗೆ?" ಅಜ್ಜಿಯ ದನಿ ಹಾಲ್ ದಾಟಿ ಬೀದಿಗೆ ಹೋಯಿತು.

"ಸಾರಿ ಅಜ್ಜಿ. ಬಿಸಿನೀರಲ್ಲಿ ನೆನೆಸ್ಬೇಕು, ಇಲ್ಲಾಂದ್ರೆ ಕಲೆ ಹೋಗಲ್ಲ." ಹುಡುಗಿ ನೆಲ ನೋಡುತ್ತ ಹೇಳಿದಳು. "ದಿಂಬಿನ ಮೇಲೂ ಚೆಲ್ಲಿದೆ. ಚಾಪೆ ಮೇಲೂ."

ಅಜ್ಜಿ ದಿಂಬನ್ನು ನೋಡಿದಳು. ಒಂದು ಹನಿಯೂ ಬಿದ್ದಿರಲಿಲ್ಲ. ಚಾಪೆಯನ್ನು ನೋಡಿದಳು. ಆಮೇಲೆ ಹೊಸ ಕನ್ನಡಕ ಸರಿಮಾಡಿಕೊಂಡು ಮೊಮ್ಮಗಳನ್ನು ನೋಡಿದಳು, ತುಂಬ ಹೊತ್ತು.

"ಹೌದು," ಎಂದಳು. "ಚೆಲ್ಲಿದೆ."

ಬಾಗಿಲಿಗೆ ಬಂದ ಅಮ್ಮ ಮಗಳಿಗೆ ಎರಡು ಬೈದು, ಹೊದಿಕೆಗೆ ಕೈ ಚಾಚಿದಳು. ಅಜ್ಜಿ ಕೊಡಲಿಲ್ಲ. ತಾನೇ ಸುರುಳಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಚ್ಚಲಿಗೆ ಹೋದಳು. ಟೀ ಬಿದ್ದ ಕಡೆ ಇರುವೆಗಳು ಬರುತ್ತವೆ ಎಂದು ಹೇಳಿ, ಹುಡುಗಿ ಅವತ್ತು ಸಂಜೆ ಒಮ್ಮೆ, ಶನಿವಾರ ಎರಡು ಸಲ, ಅಜ್ಜಿಯ ಕೋಣೆಯ ಮೂಲೆಮೂಲೆಗೂ ವ್ಯಾಕ್ಯೂಮ್ ಹೊಡೆದಳು. ಅಜ್ಜಿ ಮಂಚದ ಕಾಲು ಎತ್ತಿ ಹಿಡಿದಳು.

ಭಾನುವಾರ ಬ್ಯಾಂಕ್ ಮ್ಯಾನೇಜರ್ ಬಂದು ಕೋಟು ತೊಟ್ಟರು. ಅಮ್ಮ ಬೆನ್ನಿಗೆ ಪಿನ್ ಹಾಕಿದಳು, ತೋಳಿಗೆ ಹಾಕಿದಳು. ಹುಡುಗಿ ಕೋಟನ್ನು ನೋಡಲೇ ಇಲ್ಲ. ಅವಳ ಕಣ್ಣು ಅವರ ಕಾಲುಗಳ ಮೇಲೆ. ಎದುರು ಕುರ್ಚಿಯಲ್ಲಿ ಅಜ್ಜಿ ಪೇಪರ್ ಓದುತ್ತಿದ್ದಳು. ಅವಳ ಪೇಪರ್ ತಲೆಕೆಳಗಾಗಿತ್ತು.

ಮ್ಯಾನೇಜರ್ ಒಮ್ಮೆ ಬಗ್ಗಿದರು. ಅಮ್ಮನ ಕೈಯ ಪಿನ್ ಅಲ್ಲೇ ನಿಂತಿತು. ಅವರು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಎದ್ದರು. ಫಿಟ್ಟಿಂಗ್ ಚೆನ್ನಾಗಿದೆ ಎಂದು ಹೇಳಿ, ಎರಡೂ ಕಾಲಲ್ಲಿ ನಡೆದು ಹೋದರು.

"ಸದ್ಯಕ್ಕೆ ಇರ್ಲಿ ಬಿಡಿ ಮೀಸೆ," ಎಂದಳು ಅಮ್ಮ. ಅವಳ ದನಿಯಲ್ಲೂ ಸಮಾಧಾನವಿತ್ತು.

"ಇರ್ಲಿ, ಇರ್ಲಿ. ನನ್ನ ಮಾತು ಯಾರು ಕೇಳ್ತಾರೆ ಇಲ್ಲಿ?" ಅಜ್ಜಿ ಪೇಪರ್ ಮಡಚಿ ಎದ್ದಳು. "ನನ್ನ ರೂಮಿನ ಕಡೆ ಮಾತ್ರ ಬರಕೂಡದು. ಹೇಳಿದೀನಿ."

"ಆಯ್ತಮ್ಮ, ಬರಲ್ಲ," ಎಂದ ಅಪ್ಪ.

ಆಮೇಲೂ ಒಂದೆರಡು ವಾರ ಬಿಳಿ ಸಾಕ್ಸ್ ಮೇಲೆ ಅಪರೂಪಕ್ಕೊಂದು ಚುಕ್ಕಿ ಕಂಡಿತು. ಅಜ್ಜಿಯ ಲೋಟದಿಂದಲೂ ವಾರಕ್ಕೊಮ್ಮೆ ಟೀ ಚೆಲ್ಲುತ್ತಿತ್ತು, ಈಗ ಅಜ್ಜಿಯ ಕೈಯಿಂದಲೇ. ವಯಸ್ಸಾಯಿತು, ಕೈ ನಡುಗುತ್ತದೆ ಎಂದು ಅಮ್ಮ ಮರುಗಿದಳು. ಹೊದಿಕೆ ಪ್ರತಿಸಲವೂ ಬಿಸಿನೀರಿಗೆ ಹೋಯಿತು.

ಒಂದು ಸಂಜೆ ನಾಲ್ಕು ಗಂಟೆಗೆ ಹುಡುಗಿ ಅಜ್ಜಿಯ ಕೋಣೆಯ ಮುಂದೆ ಹಾದುಹೋಗುತ್ತಿದ್ದಳು. ಬಾಗಿಲು ಮುಚ್ಚಿತು, ಚಿಲಕದ ಸದ್ದು ಮಾತ್ರ ಬರಲಿಲ್ಲ. ಒಳಗೆ ಡಬ್ಬಿ ಚರಚರ ಎಂದಿತು.

ಅವಳು ನೋಟ್‌ಬುಕ್ ತೆರೆದು, ಪಟ್ಟಿಯಲ್ಲಿ ಉಳಿದಿದ್ದ ಒಂದೇ ಪದವನ್ನು ರಬ್ಬರಿನಿಂದ ಉಜ್ಜಿದಳು. ಕಾಗದ ಕೊಂಚ ತೆಳುವಾಯಿತು. ಆಮೇಲೆ, ಯಾರಾದರೂ ಈ ಕಡೆ ಬಂದರೆ ಮೊದಲೇ ಕೆಮ್ಮೋಣವೆಂದು, ಬಾಗಿಲಿಗೆ ಬೆನ್ನು ಹಾಕಿ ಹೋಂವರ್ಕ್ ಮಾಡಲು ಕೂತಳು.