ಟಿಲ್ಡೆಗೆ ಇಟ್ಟ ಹೆಸರು

ಟಿಲ್ಡೆ ತನ್ನ ಚಿತ್ರವನ್ನು ಗೋಡೆಗೆ ಅಂಟಿಸಿದ್ದೇ ತಡ, ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಚಿತ್ರದ ಕೆಳಗೆ ಅವಳು ನೀಲಿ ಸ್ಕೆಚ್ ಪೆನ್ನಿನಲ್ಲಿ ತನ್ನ ಹೆಸರಿನ ಬದಲು "ಮಲ್ಲೆಮುಕ್" ಎಂದು ಬರೆದಿದ್ದಳು.

ಸಿಸ್ಸೆಗೂ ನಗು ತಡೆಯಲಾಗಲಿಲ್ಲ. ಆ ಹೆಸರಿಟ್ಟವಳು ಅವಳೇ ತಾನೆ? ಕೋಪನ್‌ಹೇಗನ್ನಿನಿಂದ ಈ ಬಂದರಿನ ಊರಿಗೆ ಹೊಸದಾಗಿ ಬಂದ ಟಿಲ್ಡೆ, ಯಾರು ಕರೆದರೂ ಓಡಿ ಬರುತ್ತಿದ್ದಳು, ಏನು ಹೇಳಿದರೂ ನಂಬುತ್ತಿದ್ದಳು. ಮೊದಲ ದಿನವೇ ಸಿಸ್ಸೆಯ ಪಕ್ಕ ಕೂತು, ಕೇಳದಿದ್ದರೂ ತನ್ನ ಬ್ರೆಡ್ಡಿನಲ್ಲಿ ಅರ್ಧ ಕೊಟ್ಟಿದ್ದಳು. ಮಲ್ಲೆಮುಕ್ ಎಂದು ಕರೆದಾಗ, ಗೆಳತಿ ಪ್ರೀತಿಯಿಂದ ಅಡ್ಡಹೆಸರು ಇಟ್ಟಳೆಂದು ಪಾಪ, ಖುಷಿಪಟ್ಟಿದ್ದಳು.

"ಹಾಗಂದ್ರೆ ಏನು?" ಟಿಲ್ಡೆ ಈಗಲೂ ನಗುತ್ತಲೇ ಕೇಳಿದಳು.

"ಒಂದು ಕಡಲಹಕ್ಕಿ," ಎಂದಳು ಸಿಸ್ಸೆ. "ಪೆದ್ದು ಹಕ್ಕಿ. ನಿನ್ ಥರಾನೇ."

ಟಿಲ್ಡೆ ಚಿತ್ರವನ್ನು ಕಿತ್ತು, ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅಳಲಿಲ್ಲ. ಅತ್ತಿದ್ದರೇ ಚೆನ್ನಾಗಿತ್ತು ಎಂದು ಸಿಸ್ಸೆಗೆ ಆಮೇಲೆ ಅನಿಸಿತು.

ಶನಿವಾರ ಅಜ್ಜನ ದೋಣಿ ಹತ್ತಿದಾಗಲೂ ಅವಳ ಮನಸ್ಸು ಸರಿಯಿರಲಿಲ್ಲ. ಅಜ್ಜ ಮೀನು ಕೊಯ್ದು ಕರುಳನ್ನು ನೀರಿಗೆ ಎಸೆಯುತ್ತಿದ್ದರು. ಬೂದು ರೆಕ್ಕೆಯ ಮಲ್ಲೆಮುಕ್ ಒಂದು ಕೈಗೆಟುಕುವಷ್ಟು ಹತ್ತಿರ ಬಂದು ತೇಲುತ್ತಿತ್ತು. ಇದಕ್ಕೆ ಆ ಹೆಸರು ಹೇಗೆ ಬಂತು ಎಂದು ಸಿಸ್ಸೆ ಕೇಳಿದಳು.

ಅದು ಹಿಂದೆ ಡಚ್ ನಾವಿಕರು ಇಟ್ಟ ಹೆಸರಂತೆ. ಅವರ ಮಾತಿನಲ್ಲಿ ಮಲ್ಲೆ ಎಂದರೆ ಪೆದ್ದು, ಮೊಕ್ ಎಂದರೆ ಕಡಲಹಕ್ಕಿ. ಅದನ್ನೇ ಡೆನ್ಮಾರ್ಕಿನ ನಮ್ಮವರೂ ಎತ್ತಿಕೊಂಡರಂತೆ. ನಾರ್ವೆಯವರು ಮಾತ್ರ ಇದೇ ಹಕ್ಕಿಯನ್ನು ಕಡಲಕುದುರೆ ಎನ್ನುತ್ತಾರಂತೆ.

"ಅಂಥಾ ಪೆದ್ದು ಕೆಲಸ ಏನ್ ಮಾಡ್ತು ಅಜ್ಜ ಇದು?"

"ಮನುಷ್ಯರನ್ನ ಕಂಡ್ರೆ ಇದಕ್ಕೆ ಹೆದರಿಕೆ ಇಲ್ಲ ಮಗಾ. ಹಡಗಿನ ಪಕ್ಕಕ್ಕೇ ಬರ್ತಿತ್ತು. ಅವ್ರು ಕೋಲು ತಗೊಂಡು ಹೊಡೆದು ಹಾಕ್ತಿದ್ರು. ನಂಬ್ಕೊಂಡು ಹತ್ರ ಬಂತಲ್ಲ, ಅದಕ್ಕೇ ಪೆದ್ದು ಅಂದ್ರು."

ಸಿಸ್ಸೆಗೆ ತಾನು ಮಾಡಿದ್ದು ನೆನೆದು ನಾಚಿಕೆಯೂ ಆಯಿತು, ಅಳುವೂ ಬಂತು.

ಸೋಮವಾರ ಶಾಲೆಯ ಅಂಗಳದಲ್ಲಿ ಅವಳು ಟಿಲ್ಡೆಯನ್ನು ಕೂಗಿ ಕರೆದಳು. ಟಿಲ್ಡೆ ಎಂದಿನಂತೆ ಓಡಿ ಬರಲಿಲ್ಲ. ಸೈಕಲ್ ಸ್ಟ್ಯಾಂಡಿನ ಹತ್ತಿರವೇ ನಿಂತು, ಸಿಸ್ಸೆಯ ಹಿಂದೆ ಯಾರಾದರೂ ನಗುತ್ತಿದ್ದಾರೆಯೇ ಎಂದು ನೋಡಿದಳು.

"ತಪ್ಪಾಯ್ತು ಕಣೇ," ಎಂದಳು ಸಿಸ್ಸೆ.

"ಪರವಾಗಿಲ್ಲ," ಎಂದಳು ಟಿಲ್ಡೆ, ಅಲ್ಲಿಂದಲೇ.

ಸಿಸ್ಸೆ ಒಂದು ಹೆಜ್ಜೆ ಮುಂದಿಟ್ಟಳು. ಟಿಲ್ಡೆ ಒಂದು ಹೆಜ್ಜೆ ಹಿಂದೆ ಸರಿದಳು. ಹೆದರುವುದನ್ನು ಅವಳು ಕಲಿತುಬಿಟ್ಟಿದ್ದಳು. ಕಲಿಸಿದ್ದು ಯಾರೆಂದು ಸಿಸ್ಸೆಗೆ ಗೊತ್ತಿತ್ತು.