ಪೊರಕೆ ಎಂಬ ಹೆಸರಿನ ಕಂಟೇನರ್

“ನಿಲ್ಸಿ! ಯಾರದ್ರೀ ಇದು? ಕೀಬೋರ್ಡಿಂದ ಕೈ ತೆಗೀರಿ!”

ಕೂಗು ಕಚೇರಿ ಹಾಲಿನ ಆ ತುದಿಯಿಂದ ಬಂತು. ಮೂವತ್ತು ತಲೆಗಳು ಒಮ್ಮೆಗೇ ತಿರುಗಿದವು. ಅವಳು ಮಾತ್ರ ತಿರುಗಲಿಲ್ಲ. ಕೂಗಿಗೆ ಕಾರಣ ತಾನೇ ಎಂದು ಅವಳಿಗೆ ಗೊತ್ತಿತ್ತು.

ಕೂಗಿದವನು ದಾಪುಗಾಲು ಹಾಕುತ್ತ ಬಂದು ಅವಳ ಮೇಜಿನ ಪಕ್ಕ ನಿಂತ. ಕಚೇರಿಯಲ್ಲಿ ಎಲ್ಲರೂ ಅವನನ್ನು ‘ಬೀಗ’ ಎನ್ನುತ್ತಿದ್ದರು. ಸರ್ವರುಗಳ ಉಸ್ತುವಾರಿ ಅವನದು. ಅವನನ್ನು ಕೇಳದೆ ಅಲ್ಲಿಗೆ ಸೊಳ್ಳೆಯೂ ಹೋಗುವಂತಿರಲಿಲ್ಲ.

“ಎಷ್ಟು ಕಂಟೇನರ್ ಹುಟ್ಟಿಸಿದೀರಾ?”

“ಇನ್ನೂರು…”

“ಆರುನೂರ ನಲವತ್ತು! ಓಡ್ತಿರೋದು ಇನ್ನೂರು. ಮಿಕ್ಕಿದ್ದೆಲ್ಲ ಸತ್ತು ಬಿದ್ದಿವೆ, ಡಿಸ್ಕ್ ತುಂಬಿಹೋಗಿದೆ. ಹುಟ್ಟಿಸೋದು ಮಾತ್ರ ಕಲ್ತು ಬಂದ್ರಾ? ಹೂಳೋರು ಯಾರು?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಕಾದ ಹೆಂಚಾಯಿತು.

“ಅಳಿಸೋ ಸಾಲು ಬರೆಯೋದು ಮರ್ತಿದೀನಿ. ಈಗ ಬರೀತೀನಿ. ಅದಕ್ಕೆ ಇಷ್ಟು ಗಂಟಲು ಯಾಕೆ? ನನಗೆ ಕಿವಿ ಚೆನ್ನಾಗೇ ಕೇಳತ್ತೆ.”

ಅವನು ತಿರುಗಿ ಹೋದ.

ಅವಳ ಕಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ಕುಣಿಯುತ್ತಲೇ ಇತ್ತು. ‘ಮುಗೀತು… ಇಲ್ಲೂ ಮುಗೀತು!’

ಆ ಕಚೇರಿ ಕಾಲೇಜುಗಳಿಗೆ ಪ್ರೋಗ್ರಾಮಿಂಗ್ ಪರೀಕ್ಷೆ ನಡೆಸಿಕೊಡುತ್ತಿತ್ತು. ವಿದ್ಯಾರ್ಥಿಗಳು ಬರೆದದ್ದನ್ನು ನೇರವಾಗಿ ಸರ್ವರಿನ ಮೇಲೆ ಓಡಿಸುವಂತಿಲ್ಲ. ಯಾರು ಏನು ಬರೆದಿರುತ್ತಾರೋ ದೇವರಿಗೇ ಗೊತ್ತು. ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ಕಂಟೇನರ್. ಸರ್ವರಿನೊಳಗೇ ಬಾಗಿಲು ಮುಚ್ಚಿದ ಪುಟ್ಟ ಕೋಣೆ ಅಂದುಕೊಳ್ಳಿ. ಪ್ರೋಗ್ರಾಮು ಅದರೊಳಗೆ ಓಡಬೇಕು, ಉತ್ತರ ಹೊರಗೆ ಬರಬೇಕು, ಆಮೇಲೆ ಆ ಕೋಣೆಯನ್ನೇ ಅಳಿಸಿಬಿಡಬೇಕು. ನೂರಾರು ಕೋಣೆಗಳಿಗೆ ಕೈಯಿಂದ ಇದನ್ನು ಮಾಡಲಾದೀತೇ? ಹುಟ್ಟಿಸು, ಓಡಿಸು, ನಿಲ್ಲಿಸು, ಅಳಿಸು ಎಂದು ಕೋಡಿನಿಂದಲೇ ಸರ್ವರಿಗೆ ಅಪ್ಪಣೆ ಕೊಡಲು ಒಂದು ಎಪಿಐ ಇರುತ್ತದೆ. ಆ ಅಪ್ಪಣೆಗಳನ್ನು ಬರೆಯುವುದೇ ಅವಳ ಕೆಲಸ.

ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಕಾಯಂ ಆಗುವುದೋ ಮನೆಗೆ ಹೋಗುವುದೋ, ಇನ್ನೊಂದು ತಿಂಗಳಲ್ಲಿ ತೀರ್ಮಾನ.

ಹಿಂದಿನ ಕಚೇರಿಯಲ್ಲಿ ಅವಳನ್ನು ಬೈದು ಕಳಿಸಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರ್ಷವಿಡೀ ಅವಳ ತಪ್ಪುಗಳನ್ನು ಅಕ್ಕಪಕ್ಕದವರು ಸದ್ದಿಲ್ಲದೆ ತಿದ್ದಿಕೊಂಡರು. ಕೊನೆಗೊಂದು ದಿನ, “ಪಾಪ, ಒಳ್ಳೇ ಹುಡುಗಿ. ಆದ್ರೆ ಕೈಲಾಗಲ್ಲ” ಎಂದರು. ಆ ‘ಪಾಪ’ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇನ್ನೂ ಸಿಕ್ಕಿಕೊಂಡಿತ್ತು. ಕೈಲಾಗುತ್ತದೋ ಇಲ್ಲವೋ, ಈ ಸಲ ಅವಳಿಗೇ ಗೊತ್ತಾಗಬೇಕಿತ್ತು.

ಅಳಿಸುವ ಸಾಲು ಬರೆದಳು. ಮರುದಿನ ಸರ್ವರ್ ಕನ್ನಡಿಯಂತಿತ್ತು. ಮಧ್ಯಾಹ್ನ ಬೀಗ ಎರಡು ಲೋಟ ಹಿಡಿದು ಬಂದ.

“ಸಕ್ಕರೆ ಎಷ್ಟು?”

“ಇದು ಕ್ಷಮಾಪಣೆನಾ?”

“ಅಲ್ಲ. ಚಹಾ.”

“ಹಾಗಾದ್ರೆ ಎರಡು ಚಮಚ.”

ಮೂರು ವಾರ ಹೀಗೇ ನಡೆಯಿತು. ಅವನಿಗೆ ಮಾತು ಬರುವುದಿಲ್ಲ ಎಂದು ಅವಳಿಗೆ ಬೇಗ ತಿಳಿಯಿತು. ಕೂಗಲು ಬರುತ್ತಿತ್ತು, ಸುಮ್ಮನಿರಲು ಬರುತ್ತಿತ್ತು, ನಡುವಿನದು ಬರುತ್ತಿರಲಿಲ್ಲ. ಆದರೂ ಮೂರು ಗಂಟೆಯಾದರೆ ಅವಳ ಕಣ್ಣು ಹಾಲಿನ ಆ ತುದಿಗೆ ಓಡುತ್ತಿತ್ತು. ಐದು ನಿಮಿಷ ತಡವಾದರೆ ನೀರು ಕುಡಿಯುವ ನೆಪದಲ್ಲಿ ಎದ್ದುಬಿಡುತ್ತಿದ್ದಳು.

‘ಇದೇನೇ ನಿಂದು? ನೀರು ಕುಡಿದೂ ಕುಡಿದೂ ಹೊಟ್ಟೆ ಕೆರೆಯಾಯ್ತು!’

ಸರ್ವರ್ ಮಾತ್ರ ದಿನವೂ ಚೊಕ್ಕ. ಶುಕ್ರವಾರ ಎಂಟುನೂರು ವಿದ್ಯಾರ್ಥಿಗಳ ತಾಲೀಮು ಪರೀಕ್ಷೆ ಇತ್ತು. ಅದು ಮುಗಿದ ಮೇಲೆ ಅವಳನ್ನು ಕಾಯಂ ಮಾಡುವ ತೀರ್ಮಾನ. ‘ನನ್ನ ಕೈಲಾಗತ್ತೆ… ನಿಜವಾಗ್ಲೂ ಆಗತ್ತೆ!’ ಎಂದು ಅವಳು ನಂಬತೊಡಗಿದ್ದಳು.

ಗುರುವಾರ ಮಧ್ಯಾಹ್ನ ಆ ನಂಬಿಕೆ ಕುಸಿಯಿತು.

ತಾಲೀಮಿಗೆ ಮುಂಚೆ ಒಮ್ಮೆ ನೋಡೋಣವೆಂದು ಸರ್ವರಿನಲ್ಲಿದ್ದ ಎಲ್ಲ ಕಂಟೇನರುಗಳ ಪಟ್ಟಿ ತೆಗೆದಳು. ತನ್ನ ಗುರುತಿಲ್ಲದ ಒಂದು ಕಂಟೇನರ್ ಮೂರು ವಾರದಿಂದ ಓಡುತ್ತಿತ್ತು. ಹೆಸರು ‘ಪೊರಕೆ’. ಅದರ ದಾಖಲೆ ತೆರೆದಳು. ಐದು ನಿಮಿಷಕ್ಕೊಮ್ಮೆ ಒಂದೇ ಮಾತು… ಹೊತ್ತು ಮೀರಿದ್ದು, ಅಳಿಸಿದೆ. ಹೊತ್ತು ಮೀರಿದ್ದು, ಅಳಿಸಿದೆ. ಅಳಿಸಿದವೆಲ್ಲ ಅವಳ ಕಂಟೇನರುಗಳೇ. ಒಟ್ಟು ಸಾವಿರದ ನಾನೂರ ಹನ್ನೆರಡು!

ತನ್ನ ಕೋಡನ್ನು ಮತ್ತೆ ಓದಿದಳು. ಎರಡೇ ನಿಮಿಷದಲ್ಲಿ ಗೊತ್ತಾಯಿತು. ವಿದ್ಯಾರ್ಥಿಯ ಪ್ರೋಗ್ರಾಮು ಸರಿಯಾಗಿ ಮುಗಿದರೆ ಅಳಿಸುವ ಸಾಲು ನಡೆಯುತ್ತಿತ್ತು. ಮುಗಿಯದೆ ಸುತ್ತುತ್ತಲೇ ಇದ್ದರೆ, ಹೊತ್ತು ಮೀರಿತು ಎಂಬ ದೋಷ ಎದ್ದು, ಕೋಡು ಆ ಸಾಲನ್ನೇ ಹಾರಿ ಮುಂದೆ ಹೋಗುತ್ತಿತ್ತು. ಏನೇ ಆದರೂ ಕೊನೆಗೆ ನಡೆಯಲೇಬೇಕಾದ ಭಾಗದಲ್ಲಿ ಇಡಬೇಕಾದ ಸಾಲನ್ನು ಅವಳು ನಡುವೆ ಇಟ್ಟಿದ್ದಳು.

ಸರ್ವರಿಗೆ ಅಪ್ಪಣೆ ಕೊಡಲು ಒಬ್ಬೊಬ್ಬರಿಗೂ ಒಂದೊಂದು ಗುಪ್ತ ಕೀಲಿ ಇರುತ್ತದೆ. ಪೊರಕೆಯನ್ನು ಓಡಿಸಿದ್ದು ಯಾರ ಕೀಲಿಯಿಂದ? ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿದಳು. ಬೀಗನದ್ದೇ.

ಮೂರು ಗಂಟೆಗೆ ಅವನು ಲೋಟ ಹಿಡಿದು ಬಂದಾಗ ಅವಳು ನಿಂತೇ ಇದ್ದಳು.

“ಇದೇನು?”

ಅವನು ಪರದೆ ನೋಡಿದ. “ಅದು… ಅವತ್ತು ಎಲ್ಲರೆದುರಿಗೆ ಹಾಗೆ ಕೂಗಿಬಿಟ್ಟೆ. ಮತ್ತೆ ನಿಮಗೆ ಅವಮಾನ ಆಗಬಾರದು ಅಂತ…”

“ಅಂತ ನನ್ನ ಕಸ ನೀವು ಗುಡಿಸಿದ್ರಿ. ಮೂರು ವಾರ! ಒಂದೇ ಒಂದು ಮಾತು ಹೇಳ್ಬೇಕು ಅನಿಸ್ಲಿಲ್ವಾ?”

“ಹೇಳ್ಬೇಕು ಅಂತ್ಲೇ ದಿನಾ ಬರ್ತಿದ್ದೆ.”

“ಬಂದು?”

“ನೀವು ಖುಷಿಯಾಗಿರ್ತಿದ್ರಿ.”

“ಪಾಪ, ಅಲ್ವಾ?” ಅವಳ ದನಿ ಬಿರುಕು ಬಿಟ್ಟಿತು. “ಪಾಪದ ಹುಡುಗಿ, ಕೈಲಾಗಲ್ಲ, ಎರಡು ದಿನ ಖುಷಿಯಾಗಿರ್ಲಿ!”

“ಅಯ್ಯೋ, ಹಾಗಲ್ಲ…”

“ಮತ್ತೆ ಹೇಗೆ? ಹೇಳಿ!”

ಅವನಿಗೆ ಮಾತು ಹೊರಡಲಿಲ್ಲ. ಅವಳು ಕುಳಿತು ಒಂದೇ ಸಾಲು ಬರೆದಳು. ಪೊರಕೆ ನಿಂತಿತು, ಅಳಿಸಿಹೋಯಿತು. ಲೋಟದಿಂದ ಚಹಾ ತುಳುಕಿ ಅವನ ಬೆರಳು ಸುಟ್ಟಿತು. ಅವನು ಅಲುಗಲಿಲ್ಲ.

ಅವಳು ಅಲ್ಲಿಂದ ನೇರವಾಗಿ ದೊಡ್ಡ ಮೇಡಂ ಕೋಣೆಗೆ ಹೋದಳು. ಕಾಯಂ ಮಾಡುವ, ಮಾಡದಿರುವ ಅಧಿಕಾರ ಅವರದು.

“ಮೇಡಂ, ಮೂರು ವಾರದಿಂದ ಸರ್ವರ್ ಚೊಕ್ಕ ಇದ್ದಿದ್ದು ನನ್ನ ಕೋಡಿಂದ ಅಲ್ಲ. ನನ್ನ ಕೋಡಲ್ಲಿ ದೋಷ ಇತ್ತು, ಬೇರೆಯವರ ಪ್ರೋಗ್ರಾಮು ಅದನ್ನ ಮುಚ್ಚಿಹಾಕ್ತಿತ್ತು. ಈಗ ಅದನ್ನ ತೆಗೆದಿದೀನಿ. ನಾಳೆ ನನ್ನ ಕೋಡು ಒಂದೇ ಓಡ್ಲಿ.”

ಮೇಡಂ ಕನ್ನಡಕ ತೆಗೆದು ನೋಡಿದರು. “ಯಾರು ಮುಚ್ಚಿದ್ದು?”

“ಹೆಸರು ಬೇಡ ಮೇಡಂ.”

“ಗೊತ್ತಾಯ್ತು ಬಿಡಿ. ನಾಳೆ ತಾಲೀಮು ಮುಗಿಯೋವರೆಗೂ ಅವನ ಕೀಲಿ ನನ್ನ ಹತ್ರ ಇರತ್ತೆ. ಬೀಳೋ ಹಾಗಿದ್ರೆ ನಾಳೆನೇ ಬಿದ್ದುಬಿಡಿ ತಾಯಿ, ನಿಜವಾದ ಪರೀಕ್ಷೆ ದಿನ ಬೀಳ್ಬೇಡಿ.”

ಸಂಜೆ ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. ಅಕ್ಕನದು ದರ್ಜಿ ಕೆಲಸ. ಕೈ ಮತ್ತು ಬಾಯಿ ಎರಡೂ ಒಟ್ಟಿಗೆ ಓಡಬೇಕು. ಇವಳು ಕೋಣೆಯ ಉದ್ದಗಲ ಅಳೆಯುತ್ತ ಎಲ್ಲವನ್ನೂ ಕಕ್ಕಿದಳು.

“ಪುಟ್ಟಿ, ಒಂದು ಕಡೆ ಕೂತ್ಕೋ. ನೆಲ ಸವೀತಿದೆ. ಹೊಲಿಗೆ ಬಿಚ್ಚಿದ್ರೆ ಗಿರಾಕಿಗೆ ಹೇಳದೆ ನಾನೂ ಎರಡು ಹೊಲಿಗೆ ಹಾಕಿ ಕೊಡ್ತೀನಪ್ಪ. ಅದ್ರಲ್ಲೇನು?”

“ಗಿರಾಕಿಗೆ ಸರಿ ಕಣಕ್ಕ. ನಿನ್ನ ಹತ್ರ ಹೊಲಿಗೆ ಕಲಿಯೋಕೆ ಬಂದವಳಿಗೆ ಹಾಗೆ ಮಾಡ್ತೀಯಾ?”

ಯಂತ್ರ ನಿಂತಿತು. “ಇಲ್ಲ. ಅವಳ ಕೈಲೇ ಬಿಚ್ಚಿಸ್ತೀನಿ.”

“ಮತ್ತೆ?”

“ಹಾಗಾದ್ರೆ ಅವನು ಮಾಡಿದ್ದು ತಪ್ಪೇ. ಆದ್ರೆ ಒಂದು ಹೇಳು, ಪಕ್ಕದ ಮೇಜಿನವನು ಇದನ್ನೇ ಮಾಡಿದ್ರೆ ನೀನು ಹೀಗೆ ಊಟ ಬಿಟ್ಟು ಓಡಾಡ್ತಿದ್ಯಾ?”

ಅವಳು ಲ್ಯಾಪ್‌ಟಾಪು ತೆರೆದು, ಅಳಿಸುವ ಸಾಲನ್ನು ಕಿತ್ತು ಕೊನೆಯ ಭಾಗಕ್ಕೆ ತಂದಳು. ಮೊದಲು ನಿಲ್ಲಿಸು, ಆಮೇಲೆ ಅಳಿಸು. ಹತ್ತು ಸಲ ಓಡಿಸಿ ನೋಡಿದಳು. ಹತ್ತು ಸಲವೂ ಸರಿಯಾಯಿತು.

ಬೆಳಿಗ್ಗೆ ಹತ್ತಕ್ಕೆ ತಾಲೀಮು ಶುರುವಾಯಿತು. ಗೋಡೆಯ ಪರದೆಯ ಮೇಲೆ ಎರಡೇ ಅಂಕಿ. ಓಡುತ್ತಿರುವ ಕಂಟೇನರುಗಳೆಷ್ಟು, ಸಾಲಿನಲ್ಲಿ ಕಾಯುತ್ತಿರುವ ವಿದ್ಯಾರ್ಥಿಗಳೆಷ್ಟು. ಬೀಗ ಗೋಡೆಗೊರಗಿ ನಿಂತಿದ್ದ, ಎರಡೂ ಕೈ ಜೇಬಿನಲ್ಲಿ.

ಹತ್ತೂಕಾಲಿನವರೆಗೆ ಎಲ್ಲ ಸುಸೂತ್ರ. ಆಮೇಲೆ ಸಾಲು ಬೆಳೆಯತೊಡಗಿತು. ಇಪ್ಪತ್ತು… ಐವತ್ತು… ನೂರು!

ಕಂಟೇನರುಗಳು ಅಳಿಯುತ್ತಿದ್ದವು, ಆದರೆ ಆಮೆಯ ಹಾಗೆ. ಒಂದು ಅಳಿದರೆ ತಾನೇ ಸಾಲಿನಲ್ಲಿದ್ದ ಇನ್ನೊಬ್ಬರಿಗೆ ಜಾಗ? ಯಾಕೆ? ದೋಷವೂ ಕಾಣುತ್ತಿಲ್ಲ. ನೂರ ಐವತ್ತು. ಮೇಡಂ ಗಡಿಯಾರ ನೋಡಿದರು.

ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಅವನಿಗೆ ಗೊತ್ತು! ಮುಖ ನೋಡಿದರೆ ತಿಳಿಯುತ್ತಿತ್ತು. ತುಟಿ ಕಚ್ಚಿ ನಿಂತಿದ್ದಾನೆ.

‘ಕೇಳ್ಲಾ? ಕೇಳಿದ್ರೆ ಸೋತ ಹಾಗಾ? … ಅಲ್ಲ. ಗೊತ್ತಿಲ್ಲದ ಹಾಗೆ ಯಾರೋ ಎತ್ತಿ ನಿಲ್ಸೋದು ಬೇರೆ. ಗೊತ್ತಿದ್ದು ನಾನೇ ಕೇಳೋದು ಬೇರೆ.’

“ಇಲ್ಲಿ ಬರ್ತೀರಾ?” ಅವಳ ದನಿ ಇಡೀ ಹಾಲಿಗೆ ಕೇಳಿಸಿತು.

ಅವನು ಬಂದ. ಕೈ ಜೇಬಿನಿಂದ ತೆಗೆಯಲಿಲ್ಲ.

“ಹೇಳ್ಲಾ?” ಎಂದು ಮೆಲ್ಲಗೆ ಕೇಳಿದ. “ಇಲ್ಲಾ ನೀವೇ ನೋಡ್ತೀರಾ?”

ಇದನ್ನು ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ.

“ಹೇಳಿ.”

“‘ನಿಲ್ಲಿಸು’ ಅಂದ ಕೂಡ್ಲೇ ಅದು ನಿಲ್ಲಲ್ಲ. ಮೊದಲು ಒಳಗಿನ ಪ್ರೋಗ್ರಾಮಿಗೆ ಮರ್ಯಾದೆಯಾಗಿ ಹೇಳತ್ತೆ. ಅದು ಕೇಳದಿದ್ರೆ ಹತ್ತು ಸೆಕೆಂಡ್ ಕಾದು ಆಮೇಲೆ ಕೊಲ್ಲತ್ತೆ.”

“ಸುತ್ತುತ್ತಾ ಇರೋ ಪ್ರೋಗ್ರಾಮಿಗೆ ಮರ್ಯಾದೆ ಎಲ್ಲಿ ಕೇಳತ್ತೆ!” ಅವಳು ಹಣೆ ಚಚ್ಚಿಕೊಂಡಳು. “ಒಂದೊಂದಕ್ಕೂ ಹತ್ತತ್ತು ಸೆಕೆಂಡ್ ಕಾಯ್ತಾ ಕೂತಿದೀನಿ! ಮನೇಲಿ ಬರೀ ಹತ್ತು ಕಂಟೇನರ್ ಇತ್ತು, ಗೊತ್ತೇ ಆಗ್ಲಿಲ್ಲ…”

ಮುಂದಿನದನ್ನು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹತ್ತನ್ನು ಸೊನ್ನೆ ಮಾಡಿದಳು, ತನ್ನ ಪ್ರೋಗ್ರಾಮನ್ನು ಮತ್ತೆ ಶುರುಮಾಡಿದಳು. ಸಾಲಿನಲ್ಲಿದ್ದವರು ಯಾರೂ ಕಳೆದುಹೋಗಲಿಲ್ಲ, ತಂತಮ್ಮ ಜಾಗದಲ್ಲೇ ಉಳಿದರು. ನೂರ ಎಂಬತ್ತು… ನೂರ ಇಪ್ಪತ್ತು… ನಲವತ್ತು…

ಸೊನ್ನೆ.

ಹನ್ನೊಂದೂವರೆಗೆ ತಾಲೀಮು ಮುಗಿಯಿತು. ಸರ್ವರಿನಲ್ಲಿ ಅವಳ ಒಂದು ಕಂಟೇನರೂ ಉಳಿದಿರಲಿಲ್ಲ.

“ಹನ್ನೆರಡು ನಿಮಿಷ ಸಾಲು ಬೆಳೀತು,” ಎಂದರು ಮೇಡಂ. “ಯಾಕೆ ಅಂತ ಬರೆದು ಕೊಡಿ.”

“ಕೊಡ್ತೀನಿ ಮೇಡಂ.”

“ಸೋಮವಾರದಿಂದ ಕಾಯಂ. ನಿನ್ನೆ ನನ್ನ ಕೋಣೆಗೆ ಬಂದಾಗ್ಲೇ ಅರ್ಧ ತೀರ್ಮಾನ ಮಾಡಿದ್ದೆ. ಹೇಳಿದ್ರೆ ನೀವು ನಿದ್ದೆ ಮಾಡಿಬಿಡ್ತಿದ್ರಿ.” ಬೀಗನ ಕಡೆ ತಿರುಗಿದರು. “ತಗೊಳ್ಳಿ ನಿಮ್ಮ ಕೀಲಿ. ಇನ್ನೊಂದ್ಸಲ ಈ ದಾನಧರ್ಮ ಮಾಡಿದ್ರೆ ವಾಪಸ್ ಕೊಡಲ್ಲ.”

ಅವಳು ಕೆಳಗಿಳಿದು ರಸ್ತೆಗೆ ಬಂದಳು. ಬಿಸಿಲು ಚುರುಗುಟ್ಟುತ್ತಿತ್ತು. ಕೆಲಸ ಗಟ್ಟಿಯಾಗಿತ್ತು, ಆದರೂ ಕಾಲು ಒಂದು ಕಡೆ ನಿಲ್ಲಲೊಲ್ಲದು. ಬಸ್ ನಿಲ್ದಾಣದವರೆಗೆ ಹೋದಳು. ತಿರುಗಿದಳು. ಮತ್ತೆ ಹೋದಳು. ಮೂರನೇ ಸಲ ತಿರುಗಿದಾಗ ಅವನು ಎದುರಿಗೆ ನಿಂತಿದ್ದ, ಓಡಿ ಬಂದವನಂತೆ ಏದುಸಿರು ಬಿಡುತ್ತ.

“ನಿನ್ನೆ ‘ಮತ್ತೆ ಹೇಗೆ’ ಅಂತ ಕೇಳಿದ್ರಿ.”

“ಕೇಳ್ದೆ. ಉತ್ತರ ಬರ್ಲಿಲ್ಲ.”

“ಪಾಪ ಅಂತ ಅಲ್ಲ. ಪಾಪ ಅನ್ನಿಸಿದವರನ್ನ ನೋಡಿ ನಾನು ಯಾವತ್ತೂ ಊಟ ಬಿಟ್ಟಿಲ್ಲ. ಈಗ ಮೂರು ವಾರದಿಂದ ಒಂದು ತುತ್ತು ನೆಟ್ಟಗೆ ಇಳೀತಿಲ್ಲ.” ಒಂದೇ ಉಸಿರಿಗೆ ಹೇಳಿದ, ನಿಲ್ಲಿಸಿದರೆ ಮತ್ತೆ ಬಾಯಿ ಕಟ್ಟುತ್ತದೆ ಎಂಬ ಹೆದರಿಕೆಗೆ. “ಅವತ್ತು ಅಷ್ಟು ಜನದ ಮುಂದೆ ‘ಕಿವಿ ಕೇಳತ್ತೆ’ ಅಂದ್ರಲ್ಲ, ಅಲ್ಲಿಂದ ಶುರು. ತಪ್ಪು ಹೇಳಿದ್ರೆ ಸಿಟ್ಟಾಗ್ತೀರಿ, ಮಾತು ಬಿಡ್ತೀರಿ ಅಂತ ಭಯ. ನಿಮಗೋಸ್ಕರ ಗುಡಿಸ್ಲಿಲ್ಲ. ನನ್ನ ಭಯಕ್ಕೆ ಗುಡಿಸ್ದೆ. ತಪ್ಪಾಯ್ತು.”

ಬಸ್ಸೊಂದು ಬಂದು ನಿಂತಿತು. ಹೊರಟುಹೋಯಿತು.

“ಸಿಟ್ಟು ಬಂದಿತ್ತು, ನಿಜ,” ಎಂದಳು. “ಈಗ್ಲೂ ಸ್ವಲ್ಪ ಇದೆ. ನನ್ನ ತಪ್ಪು ಕಂಡ್ರೆ ಮೊದಲು ನನಗೆ ಹೇಳ್ಬೇಕು.”

“ಹೇಳ್ತೀನಿ.”

“ಕೂಗದೆ.”

“…ಪ್ರಯತ್ನ ಪಡ್ತೀನಿ.”

ಅವಳಿಗೆ ನಗು ಬಂತು. ತಡೆದುಕೊಂಡಳು. ಕಾಲು ತಾನಾಗಿ ನಿಂತಿತ್ತು, ಆದರೆ ಎದೆ ಈಗ ಎರಡರಷ್ಟು ಓಡುತ್ತಿತ್ತು.

“ಇನ್ನೂ ಭಯ ಇದೆಯಾ?” ಎಂದು ಕೇಳಿದಳು.

“ಹೌದು. ನಿನ್ನೆಗಿಂತ ಜಾಸ್ತಿ.”

“ನನಗೂ.”

“ನಿಮಗ್ಯಾಕೆ?”

“ನೀವು ಇನ್ನೊಂದು ಮಾತು ಕೇಳಿದ್ರೆ ನಾನು ಹೂಂ ಅಂದ್ಬಿಡ್ತೀನೇನೋ ಅಂತ.”

ಅವನು ಅವಳನ್ನೇ ನೋಡಿದ. ಆಮೇಲೆ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ,

“ನನ್ನ ಜೊತೆ ಇರ್ತೀರಾ?”

“ಹೂಂ.”