ಅಕ್ಕನ ಫೋನಿನ ಹೊಸ ಪರದೆ

ಅಕ್ಕ ತೀರಿಕೊಂಡ ಮೇಲೆ ಅವಳ ದನಿ ಉಳಿದದ್ದು ಅವಳ ಫೋನಿನಲ್ಲಿ ಮಾತ್ರ. ದಿನಾ ಸಂಜೆ ಓದುತ್ತಿದ್ದ ಪದ್ಯಗಳನ್ನು ಅದರಲ್ಲೇ ರೆಕಾರ್ಡ್ ಮಾಡಿಟ್ಟಿದ್ದಳು. ಆದರೆ ಪರದೆ ಒಡೆದು ಕಪ್ಪಾಗಿತ್ತು. ಲಾಕ್ ನಂಬರು ನಮಗ್ಯಾರಿಗೂ ಗೊತ್ತಿರಲಿಲ್ಲ. “ಒಂದ್ಸಲ ಅವಳ ದನಿ ಕೇಳಿಸಪ್ಪಾ, ಸಾಕು” ಎಂದು ಅಮ್ಮ ನನ್ನನ್ನು ಅಂಗಲಾಚಿದಳು. ಫೋನನ್ನು ರಿಪೇರಿ ಅಂಗಡಿಗೆ ಒಯ್ದೆ.

ರಿಪೇರಿಯವನು ಮೂರು ಪರದೆಗಳನ್ನು ಮುಂದಿಟ್ಟ. “ಇದು ಡೂಪ್ಲಿಕೇಟು, ಇದು ಕಂಪನಿದು, ಇದು ಹಳೇ ಫೋನಿಂದ ಬಿಚ್ಚಿದ್ದು. ಯಾವ್ದು ಹಾಕ್ಲಿ ಸರ್?”

ಮುಟ್ಟಿ ನೋಡಿದೆ. ಮೊದಲೆರಡೂ ತಣ್ಣಗಿದ್ದವು. ಬಿಚ್ಚಿದ್ದು ಮಾತ್ರ, ಯಾರೋ ಆಗತಾನೆ ಕೈಯಿಂದ ಕೆಳಗಿಟ್ಟಂತೆ ಬೆಚ್ಚಗಿತ್ತು. “ಇದು ಬೆಚ್ಚಗಿದೆ, ಇದನ್ನೇ ಹಾಕಿ” ಎಂದೆ.

“ಬೆಚ್ಚಗಾ? ನಿಮಗೇ ಜ್ವರ ಇರ್ಬೇಕು ಸರ್” ಎಂದು ನಕ್ಕ. ಅಂಟಿಸುವ ಮೊದಲು ಪರೀಕ್ಷಿಸಲೆಂದು ಚಿತ್ರ ತೋರಿಸುವ ತಂತಿಯನ್ನಷ್ಟೇ ಸಿಕ್ಕಿಸಿದ; ಬೆರಳಿನ ಸ್ಪರ್ಶ ತಿಳಿಯುವ ತಂತಿ ಇನ್ನೂ ಹೊರಗೇ ಇತ್ತು. ಫೋನು ನಂಬರು ಕೇಳಿತು. ನಂಬರಿನ ಜಾಗದಲ್ಲಿ ಒಂದು ಚುಕ್ಕೆ ತಾನಾಗಿ ತುಂಬಿತು. ತುಸು ತಡೆದು ಇನ್ನೊಂದು. ನಡುವೆ, ಪದ್ಯದ ಸಾಲು ಮುಗಿದಾಗ ಅಕ್ಕ ಉಸಿರೆಳೆದುಕೊಳ್ಳುತ್ತಿದ್ದಷ್ಟೇ ಬಿಡುವು. ನಾಲ್ಕನೆಯದಕ್ಕೆ ಫೋನು ತೆರೆಯಿತು.

“ನೀವೇನಾದ್ರೂ ಮುಟ್ಟಿದ್ರಾ?” ಅವನ ನಗು ಬತ್ತಿಹೋಗಿತ್ತು. ನನ್ನ ಎರಡೂ ಕೈಗಳು ಎದೆಯ ಮುಂದೆ ತಾವಾಗಿ ಮುಗಿದುಕೊಂಡಿದ್ದವು.

ಆ ನಂಬರು ನಮಗೆ ಇಂದಿಗೂ ಗೊತ್ತಿಲ್ಲ. ಸಂಜೆ ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು “ಓದು ಮಗಳೇ” ಎನ್ನುತ್ತಾಳೆ. ಅದು ತೆರೆದುಕೊಳ್ಳುತ್ತದೆ.